ರಾಜ್‌ಕುಮಾರ್ ಹುಟ್ಟೂರು: ಗಾಜನೂರೋ ಸಿಂಗಾನಲ್ಲೂರೋ?

ನಟ ರಾಜ್‌ಕುಮಾರ್ ಅವರ ಹುಟ್ಟೂರು ಒಂದು ಕಡೆ ಗಾಜನೂರು, ಇನ್ನೊಂದು ಕಡೆ ಸಿಂಗಾನಲ್ಲೂರು ಅಂತ ಓದಿದರೆ ಗೊಂದಲವಾಗುತ್ತೆ. ಹುಟ್ಟಿದ್ದು ಗಾಜನೂರಿನಲ್ಲಿ, 1929ರ ಏಪ್ರಿಲ್ 24ರಂದು. ಸಿಂಗಾನಲ್ಲೂರು ತಂದೆಯ ಊರು, ಕೊಳ್ಳೇಗಾಲ ಸೀಮೆಯದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ತಾಯಿ ಲಕ್ಷ್ಮಮ್ಮ.

ಗಾಜನೂರು ತಮಿಳುನಾಡಿನಲ್ಲಿದೆಯಲ್ಲ ಅನ್ನೋ ಪ್ರಶ್ನೆಯೂ ಇಲ್ಲೇ ಹುಟ್ಟುತ್ತೆ. 1929ರಲ್ಲಿ ಎರಡೂ ಊರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಭಾಗ ಮದ್ರಾಸ್ ರಾಜ್ಯದಲ್ಲೇ, ಅಂದರೆ ಈಗಿನ ತಮಿಳುನಾಡಿನಲ್ಲೇ ಉಳಿಯಿತು. ಗಾಜನೂರು ತಾಳವಾಡಿ ಕಡೆಯದು. ಅಲ್ಲಿನ ಮನೆಮಾತು ಇವತ್ತಿಗೂ ಕನ್ನಡವೇ. ಹಾಗಾಗಿ 'ಹೊರ ರಾಜ್ಯದವರು' ಅನ್ನೋ ಮಾತು ಸರಿಯಲ್ಲ.

ರಾಜ್‌ಕುಮಾರ್ ಅವರ ಮೊದಲ ಹೆಸರು ಮುತ್ತುರಾಜ. ಅದು ಮುತ್ತತ್ತಿಯ ಆಂಜನೇಯ, ಅಂದರೆ ಮುತ್ತತ್ತಿರಾಯನ ಹೆಸರು. 'ರಾಜ್‌ಕುಮಾರ್' ಬಂದಿದ್ದು 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ.

ರಾಜ್‌ಕುಮಾರ್ ಶಾಲೆ ಬೇಗ ಬಿಟ್ಟಿದ್ದಕ್ಕೆ ಮನೆಯ ಬಡತನ ಕಾರಣ. ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನಟರು. ಕಂಸ, ರಾವಣ, ಹಿರಣ್ಯಕಶಿಪುವಿನಂಥ ಅಬ್ಬರದ ಪಾತ್ರಗಳಿಗೆ ಹೆಸರಾದವರು. ಮಗನೂ ಎಳೆಯ ವಯಸ್ಸಿನಲ್ಲೇ ಅದೇ ಕಂಪನಿ ಸೇರಿ ಸಣ್ಣಪುಟ್ಟ ಪಾತ್ರ ಕಟ್ಟಿದರು. ಹಾಡು, ಮಾತಿನ ಸ್ಪಷ್ಟತೆ, ಶಿಸ್ತು ಎಲ್ಲಾ ಅಲ್ಲಿಯದೇ. ರಾಜ್‌ಕುಮಾರ್ ಅವರ ಹಿರಣ್ಯಕಶಿಪುವನ್ನು ತೆರೆ ಮೇಲೆ ನೋಡುವಾಗ ತಂದೆಯನ್ನೂ ನೆನೆಯಿರಿ. ರಾಜ್‌ಕುಮಾರ್ ಅವರ ತಮ್ಮ ವರದಪ್ಪನವರೂ ರಂಗಭೂಮಿಯಿಂದಲೇ ಬಂದವರು.