ಹದಿನೈದಕ್ಕೆ ಬ್ಯಾಲೆ ಶುರುಮಾಡಿದರೆ ತಡವೇ?

ಗಂಡುಹುಡುಗರ ಬ್ಯಾಲೆ ಕಲಿಕೆಯ ಬಗ್ಗೆ ಕೊಡಗಿನಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನನಗೆ ಹದಿನೈದು ವರ್ಷ. ಶಾಲೆಯ ಹಾಕಿ ತಂಡದಲ್ಲಿದ್ದೇನೆ. ಮೊಬೈಲಿನಲ್ಲಿ ಬ್ಯಾಲೆ ನೋಡಿ ಕಲಿಯಲೇಬೇಕು ಅನ್ನಿಸಿದೆ. ಐದಾರು ವರ್ಷಕ್ಕೇ ಶುರುಮಾಡದಿದ್ದರೆ ಪ್ರಯೋಜನವಿಲ್ಲ ಅನ್ನುತ್ತಾರೆ, ನಿಜವೇ? ನಮ್ಮೂರಲ್ಲಿ ಕಲಿಸುವವರಿಲ್ಲ. ಮನೆಯಲ್ಲಿ ಏನು ಮಾಡಲಿ?
– ಹತ್ತನೇ ತರಗತಿ, ವಿರಾಜಪೇಟೆ

ಉತ್ತರ: ತಡವಾಗಿಲ್ಲ, ಧೈರ್ಯವಾಗಿ ಶುರುಮಾಡು. ರಷ್ಯಾದ ಹೆಸರಾಂತ ಬ್ಯಾಲೆ ನರ್ತಕ ರುಡಾಲ್ಫ್ ನುರೆಯೆವ್ 1955ರಲ್ಲಿ ಲೆನಿನ್‌ಗ್ರಾಡ್‌ನ ಬ್ಯಾಲೆ ಶಾಲೆ ಸೇರಿದಾಗ 17 ವರ್ಷದವರು; ಅದಕ್ಕೂ ಮೊದಲು ಊರಿನಲ್ಲಿ ಜಾನಪದ ನೃತ್ಯ ಮಾಡಿಕೊಂಡು, ಒಂದಿಷ್ಟು ಬ್ಯಾಲೆ ಕಲಿತಿದ್ದರು. ದೆಹಲಿಯ ಇ-ರಿಕ್ಷಾ ಚಾಲಕರೊಬ್ಬರ ಮಗ ಕಮಲ್ ಸಿಂಗ್ 17ಕ್ಕೆ ಮೊದಲ ಪಾಠ ಕಲಿತು, 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಗೆ ಆಯ್ಕೆಯಾದರು. ಎಲ್ಲರೂ ಅಲ್ಲಿಗೇ ಹೋಗಬೇಕೆಂದಿಲ್ಲ. ಆದರೆ ವಯಸ್ಸು ಮೀರಿತು ಎಂಬ ಮಾತನ್ನು ತಲೆಯಿಂದ ತೆಗೆದುಹಾಕು.

ಹಾಕಿಯಿಂದ ನಿನಗೆ ದಮ್ಮು ಬಂದಿದೆ, ತೊಡೆಗೆ ಬಲ ಬಂದಿದೆ. ಜೊತೆಗೆ ಬಗ್ಗಿ ಓಡಿ ಓಡಿ ಸೊಂಟದ ಮುಂಭಾಗ, ತೊಡೆಯ ಹಿಂಭಾಗ ಬಿಗಿದಿರುತ್ತವೆ, ಭುಜ ಮುಂದಕ್ಕೆ ಬಾಗಿರುತ್ತದೆ. ಹಾಗಾಗಿ ನಿನ್ನ ಮೊದಲ ಕೆಲಸ ಕಾಲು ಎತ್ತುವುದಲ್ಲ, ನೆಟ್ಟಗೆ ನಿಲ್ಲುವುದು.

ಬ್ಯಾಲೆಯ ಬುನಾದಿ ಟರ್ನ್‌ಔಟ್, ಅಂದರೆ ಕಾಲನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು. ಇದು ಸೊಂಟದ ಕೀಲಿನಿಂದ ಬರಬೇಕು. ಪಾದಗಳನ್ನು ಜೋಡಿಸಿ ನೇರವಾಗಿ ನಿಲ್ಲು, ಮಂಡಿ ನೆಟ್ಟಗಿರಲಿ. ತೊಡೆಗಳನ್ನು ಒಳಗಿನಿಂದ ಹೊರಕ್ಕೆ ತಿರುಗಿಸು, ಹಿಮ್ಮಡಿಗಳನ್ನು ಜೋಡಿಸಿಟ್ಟುಕೊಂಡೇ ಪಾದ ತಾನಾಗಿ ತೆರೆಯಲಿ. ಎಷ್ಟು ತೆರೆಯಿತೋ ಅದೇ ಸದ್ಯಕ್ಕೆ ನಿನ್ನ ‘ಫಸ್ಟ್ ಪೊಸಿಷನ್’. ಎರಡು ಪಾದಗಳ ನಡುವೆ 90 ಡಿಗ್ರಿ ಬಂದರೂ ಶುರುವಿಗೆ ಸಾಕು. ಚಿತ್ರದಲ್ಲಿ ಕಂಡಂತೆ 180 ಬರಲೆಂದು ಪಾದವನ್ನು ನೆಲಕ್ಕೆ ಒತ್ತಿ ತಿರುಚಬೇಡ. ಪಾದ ನೆಲಕ್ಕೆ ಅಂಟಿರುತ್ತದೆ, ತೊಡೆ ತಿರುಗಿರುವುದಿಲ್ಲ, ಆ ತಿರುಚು ಪೂರ್ತಿ ಮಂಡಿಯ ಮೇಲೆ ಬೀಳುತ್ತದೆ. ಮಂಡಿ ಮಡಚಲು ಇರುವ ಕೀಲು, ತಿರುಗಲು ಅಲ್ಲ. ಮೊದಲು ಮಂಡಿಯ ಒಳಬದಿ ನೋಯುತ್ತದೆ, ಆಮೇಲೆ ಪಾದದ ಕಮಾನು ಒಳಕ್ಕೆ ಕುಸಿಯುತ್ತದೆ. ಪರೀಕ್ಷೆ ಸುಲಭ: ಹಿಮ್ಮಡಿ ಎತ್ತದೆ ಮಂಡಿ ಅರ್ಧ ಮಡಚು (ಡೆಮಿ ಪ್ಲಿಯೆ). ಮಂಡಿಯ ಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೆ ಬಂದರೆ ಸರಿ, ಹೆಬ್ಬೆರಳು ದಾಟಿ ಒಳಕ್ಕೆ ಬಂದರೆ ಪಾದ ಹೆಚ್ಚು ತೆರೆದಿದ್ದೀಯ ಎಂದೇ ಅರ್ಥ.

ಮನೆಯಲ್ಲಿ ದಿನಕ್ಕೆ 30 ನಿಮಿಷ ಸಾಕು. ಮಡಿಕೇರಿ ಕಡೆಯ ಚಳಿಯ ಬೆಳಗಿನಲ್ಲಿ ಮೊದಲ 10 ನಿಮಿಷ ಮೈ ಬಿಸಿಯಾಗಲಿಕ್ಕೇ ಬೇಕು: ನಿಂತಲ್ಲೇ ನಡಿಗೆ, ಹರಡು ತಿರುಗಿಸುವುದು. ಆಮೇಲೆ ಸೊಂಟದೆತ್ತರದ ಭಾರದ ಕುರ್ಚಿಯನ್ನೋ ಕಿಟಕಿಯ ದಂಡೆಯನ್ನೋ ಮುಟ್ಟಿಕೊಂಡು ನಿಲ್ಲು. ಬಿಗಿಯಾಗಿ ಹಿಡಿದರೆ ಭುಜ ಮೇಲೇರುತ್ತದೆ. ಡೆಮಿ ಪ್ಲಿಯೆ 8 ಸಲ. ತಾಂದ್ಯು, ಅಂದರೆ ಪಾದವನ್ನು ನೆಲಕ್ಕೆ ಉಜ್ಜುತ್ತಾ ಚಾಚುವುದು, ಮುಂದೆ, ಪಕ್ಕ, ಹಿಂದೆ ತಲಾ 8, ಎರಡೂ ಕಾಲಿಗೆ. ಹಿಮ್ಮಡಿ ಎತ್ತಿ ಇಳಿಸುವ ರೆಲವೆ 16. ಇಳಿಯುವುದು ಏರುವುದಕ್ಕಿಂತ ನಿಧಾನವಾಗಲಿ. ಮೀನಖಂಡಕ್ಕೆ ಬಲ ಬರುವುದೇ ಅಲ್ಲಿ. ಕೊನೆಗೆ, ಮೈ ಬಿಸಿಯಿರುವಾಗ, ಒಂದು ಮಂಡಿ ನೆಲಕ್ಕೂರಿ ಸೊಂಟದ ಮುಂಭಾಗವನ್ನು 30 ಸೆಕೆಂಡು ಹಿಗ್ಗಿಸು, ಎರಡೂ ಕಡೆ.

ಗುರುವಿಲ್ಲದೆ ಇದಕ್ಕಿಂತ ಮುಂದೆ ಹೋಗಬೇಡ. ಏಪ್ರಿಲ್–ಮೇ ರಜೆಯಲ್ಲಿ ಬೆಂಗಳೂರಿನ ನೆಂಟರ ಮನೆಯಲ್ಲಿದ್ದು ಎರಡು ಮೂರು ವಾರ ತರಗತಿಗೆ ಹೋಗು. ಸೇರುವ ಮುನ್ನ ಒಂದು ತರಗತಿ ನೋಡು: ಮಂಡಿ, ಪಾದ ತಿದ್ದುವ ಗುರು ಒಳ್ಳೆಯವರು. ಮೊದಲ ತಿಂಗಳಲ್ಲೇ ಗಿರಕಿ, ಎತ್ತರದ ಜಿಗಿತ ಕಲಿಸುವವರು, ಹೆಗಲ ಮೇಲೆ ಕೈಯೂರಿ ಸ್ಪ್ಲಿಟ್‌ಗೆ (ಕಾಲುಗಳನ್ನು ಎರಡು ದಿಕ್ಕಿಗೆ ಚಾಚಿ ನೆಲಕ್ಕೆ ಕೂರುವುದಕ್ಕೆ) ಒತ್ತುವವರು ಬೇಡ.

ಪ್ರಶ್ನೆ: ‘ಅದು ಹುಡುಗಿಯರ ಡಾನ್ಸ್’ ಎಂದು ಗೆಳೆಯರು ಆಡಿಕೊಳ್ಳುತ್ತಾರೆ. ಏನು ಹೇಳಲಿ?
– ಸೋಮವಾರಪೇಟೆ

ಉತ್ತರ: ಫ್ರಾನ್ಸಿನ ದೊರೆ 14ನೇ ಲೂಯಿ ಸ್ವತಃ ವೇಷ ಕಟ್ಟಿ ಕುಣಿಯುತ್ತಿದ್ದ, 1661ರಲ್ಲಿ ನೃತ್ಯದ ಅಕಾಡೆಮಿ ಸ್ಥಾಪಿಸಿದ. ಪ್ಯಾರಿಸ್ಸಿನ ಒಪೆರಾ ವೇದಿಕೆಯಲ್ಲಿ ವೃತ್ತಿಪರ ನರ್ತಕಿಯರು ಕಾಣಿಸಿಕೊಂಡದ್ದು 1681ರಲ್ಲಿ. ಅಲ್ಲಿಯವರೆಗೆ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಇನ್ನು ನಮ್ಮಲ್ಲಿ ಪುತ್ತರಿ ಹಬ್ಬಕ್ಕೆ ಮಂದ್‌ನಲ್ಲಿ (ಊರ ಬಯಲಿನಲ್ಲಿ) ಕೋಲಾಟ್ ಆಡುವವರು, ದುಡಿ ಹಿಡಿದು ಹಾಡುವವರು ಗಂಡಸರೇ. ಗಾಳಿಗೆ ಹಾರಿ ಎರಡು ಸುತ್ತು ತಿರುಗಿ ಸದ್ದಾಗದಂತೆ ನೆಲಕ್ಕಿಳಿಯುವುದು ಹುಡುಗರ ಪಾಠದಲ್ಲಿ ಬರುವ ಹೆಜ್ಜೆ. ವಾದ ಬೇಡ. ಒಂದೇ ಕಾಲಿನಲ್ಲಿ ನಿಧಾನವಾಗಿ ಇಪ್ಪತ್ತು ರೆಲವೆ ಮಾಡಿ ತೋರಿಸಿ, ಅವರನ್ನೂ ಮಾಡಲು ಕರೆ.

ಪ್ರಶ್ನೆ: ಬಿಗಿ ಉಡುಪು ಹಾಕಲು ನಾಚಿಕೆ. ಒಳಗೆ ಏನು ಹಾಕುತ್ತಾರೆ ಎಂದು ಯಾರನ್ನೂ ಕೇಳಲಾಗುತ್ತಿಲ್ಲ. ಶೂ ಯಾವುದು ಕೊಳ್ಳಲಿ?
– ಮಡಿಕೇರಿ

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಎಷ್ಟೋ ಹುಡುಗರು ಇದೊಂದಕ್ಕೇ ಹಿಂಜರಿದು ಬಿಟ್ಟುಬಿಡುತ್ತಾರೆ. ಮೊದಲಿಗೆ ಮೈಗೊಪ್ಪುವ ಕಪ್ಪು ಟ್ರ್ಯಾಕ್ ಪ್ಯಾಂಟ್, ಒಳಕ್ಕೆ ಸಿಕ್ಕಿಸಿದ ಬಿಳಿ ಟೀ ಶರ್ಟ್ ಸಾಕು. ಗುರುಗಳಿಗೆ ಮಂಡಿ ಕಾಣಬೇಕು, ಅಷ್ಟೇ. ಒಳಗೆ ಹಾಕುವುದು ಡಾನ್ಸ್ ಬೆಲ್ಟ್: ಸೊಂಟಕ್ಕೆ ಅಗಲ ಎಲಾಸ್ಟಿಕ್, ಮುಂದೆ ದಪ್ಪ ಬಟ್ಟೆ, ಹಿಂದೆ ಸಣ್ಣ ಪಟ್ಟಿ. ಕ್ರಿಕೆಟ್ ಗಾರ್ಡಿನ ಗಟ್ಟಿ ಕಪ್ ಇದರಲ್ಲಿಲ್ಲ. ಜನನಾಂಗ ಮೇಲ್ಮುಖವಾಗಿ ಕೂರುವಂತೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ತೊಡೆ ಜೋಡಿಸುವ ಜಿಗಿತಗಳಲ್ಲಿ ನೋವಾಗುತ್ತದೆ. ಸೊಂಟದ ಅಳತೆ ಕೊಟ್ಟು ಆನ್‌ಲೈನಿನಲ್ಲಿ ತರಿಸು, ಎರಡಿರಲಿ. ಮೊದಮೊದಲು ಹಿಂದಿನ ಪಟ್ಟಿ ಕಿರಿಕಿರಿ, ಆಮೇಲೆ ಅಭ್ಯಾಸವಾಗುತ್ತದೆ.

ಶೂ ಮೆತ್ತಗಿನದು, ಬೆರಳ ತುದಿಯಲ್ಲಿ ನಿಲ್ಲಲು ನರ್ತಕಿಯರು ಹಾಕುವ ಪಾಯಿಂಟ್ ಶೂ ಹುಡುಗರಿಗೆ ಬೇಕಿಲ್ಲ. ಬೆರಳು ಮಡಚದೆ ಚಪ್ಪಟೆಯಾಗಿರಬೇಕು, ಆದರೆ ಮುಂದೆ ಜಾಗ ಉಳಿಯಬಾರದು. ‘ಬೆಳೆಯುವ ಕಾಲು’ ಎಂದು ದೊಡ್ಡದು ಕೊಂಡರೆ ಬಟ್ಟೆ ಬೆರಳಡಿ ಮುದುರಿ ಜಾರಿಸುತ್ತದೆ. ನಮ್ಮ ಮಳೆಗೆ ಚರ್ಮಕ್ಕಿಂತ ಕ್ಯಾನ್ವಾಸ್ ಮೇಲು. ಚರ್ಮದ್ದಾದರೆ ಜೂನ್‌ನಿಂದ ಪ್ಲಾಸ್ಟಿಕ್ ಚೀಲದಲ್ಲಿಡಬೇಡ, ಬೂಷ್ಟು ಹಿಡಿಯುತ್ತದೆ. ಪ್ರತಿ ಸಲ ಒಳಗೆ ಹಳೇ ಪೇಪರ್ ತುರುಕಿ ಅಡುಗೆಮನೆಯ ಬೆಚ್ಚಗಿನ ಗೋಡೆಗೆ ತೂಗುಹಾಕು. ಒಲೆಯ ನೇರ ಮೇಲೆ ಬೇಡ, ಚರ್ಮ ಗಟ್ಟಿಯಾಗಿ ಸೀಳುತ್ತದೆ.

ನೆಲದ ಬಗ್ಗೆಯೂ ಒಂದು ಮಾತು. ಕೆಂಪು ಗಾರೆ, ಟೈಲ್ಸ್ ಮೇಲೆ ಪ್ಲಿಯೆ, ತಾಂದ್ಯು ಮಾಡಬಹುದು, ಜಿಗಿಯಬಾರದು; ಆ ನೆಲ ಬಗ್ಗುವುದಿಲ್ಲ, ಏಟೆಲ್ಲ ಮೊಣಕಾಲಿನ ಕೆಳಗಿನ ಮೂಳೆಗೆ. ಶಾಲೆಯ ಮರದ ವೇದಿಕೆ ಸಿಕ್ಕಿದರೆ ಬಿಡಬೇಡ, ಎದ್ದ ಮೊಳೆ ನೋಡಿಕೊ. ತೇವದ ದಿನ ನೆಲ ಒಣಬಟ್ಟೆಯಲ್ಲಿ ಒರೆಸಿಯೇ ಶುರು.

ಪ್ರಶ್ನೆ: ಹದಿನಾಲ್ಕರ ಮಗ ಒಂದೇ ವರ್ಷದಲ್ಲಿ ಉದ್ದವಾಗಿದ್ದಾನೆ. ಜಿಗಿದ ದಿನ ಮಂಡಿಚಿಪ್ಪಿನ ಕೆಳಗೆ ನೋವು, ಅಲ್ಲಿ ಸಣ್ಣ ಉಬ್ಬು. ತರಗತಿ ಬಿಡಿಸಲೇ?
– ತಾಯಿ, ಗೋಣಿಕೊಪ್ಪಲು

ಉತ್ತರ: ಬಿಡಿಸಬೇಡಿ, ಕಡಿಮೆ ಮಾಡಿಸಿ. ಎಲುಬು ಬೇಗ ಬೆಳೆದು ತೊಡೆಯ ಸ್ನಾಯು ಬಿಗಿಯುವ ವಯಸ್ಸಿದು. ಆ ಸ್ನಾಯುವಿನ ನಾರು ಇನ್ನೂ ಗಟ್ಟಿಯಾಗದ ಮೂಳೆಯನ್ನು ಪದೇಪದೇ ಎಳೆದು ಉಬ್ಬಿಸುತ್ತದೆ. ವೈದ್ಯರು ಇದನ್ನು ಆಸ್‌ಗುಡ್–ಶ್ಲಾಟರ್ ಎನ್ನುತ್ತಾರೆ. ಮೂಳೆತಜ್ಞರಿಗೆ ಒಮ್ಮೆ ತೋರಿಸಿ. ನೋವಿರುವವರೆಗೆ ಜಿಗಿತ, ಪೂರ್ತಿ ಕೂರುವ ಪ್ಲಿಯೆ ನಿಲ್ಲಲಿ. ಕೈ, ಬೆನ್ನು, ತಾಂದ್ಯು ನಡೆಯಲಿ. ಅಭ್ಯಾಸದ ನಂತರ ಬಟ್ಟೆ ಸುತ್ತಿದ ಐಸ್ 10–15 ನಿಮಿಷ. ರಾತ್ರಿ ಎಬ್ಬಿಸುವ ನೋವು, ಕುಂಟು, ಜ್ವರವಿದ್ದರೆ ಕಾಯಬೇಡಿ. ತೂಕ ಇಳಿಸಲು ಊಟ ಬಿಡಿಸುವುದಂತೂ ಬೇಡವೇ ಬೇಡ. ಬೆಳೆಯುವ ಹುಡುಗ, ಅಕ್ಕಿ ರೊಟ್ಟಿಯ ಜೊತೆ ಮೊಟ್ಟೆ, ಕಾಳು, ಹಾಲು ಹೊಟ್ಟೆ ತುಂಬ ತಿನ್ನಲಿ. ಜೊತೆಗಾತಿಯನ್ನು ಎತ್ತುವ ಪಾಠಕ್ಕೆ ಬೆನ್ನು ಬಲಿಯುವವರೆಗೆ ಕಾಯಲಿ.

ಪ್ರಶ್ನೆ: ಒಂದು ವರ್ಷದಿಂದ ಕಲಿಯುತ್ತಿದ್ದೇನೆ. ಗಿರಕಿ (ಪಿರುಯೆಟ್) ಹೊಡೆಯುವಾಗ ಪ್ರತಿಸಲ ಹಿಂದಕ್ಕೆ ವಾಲುತ್ತೇನೆ.
– ಕುಶಾಲನಗರ

ಉತ್ತರ: ಹೆಚ್ಚಾಗಿ ಹಿಮ್ಮಡಿ ಎತ್ತಿ ಏಳುವ ಮುನ್ನವೇ ಭುಜ ತಿರುಗಿಸುತ್ತಿರುತ್ತೀಯ. ಮೊದಲು ಏಳು, ಆಮೇಲೆ ತಿರುಗು. ತಿರುಗದೆ ಬರೀ ಎದ್ದು ಒಂಟಿಕಾಲಿನಲ್ಲಿ 4 ಎಣಿಸುವವರೆಗೆ ನಿಲ್ಲು. ಅದು ಗಟ್ಟಿಯಾದ ಮೇಲೆ ಕಾಲು ಸುತ್ತು, ಅರ್ಧ ಸುತ್ತು, ಪೂರ್ತಿ ಸುತ್ತು, ಪ್ರತಿಯೊಂದೂ ಎರಡೂ ಕಡೆಗೆ ನಾಲ್ಕು ಸಲ. ಕಣ್ಣೆತ್ತರಕ್ಕೆ ಗೋಡೆಯಲ್ಲಿ ಒಂದು ಗುರುತು ಮಾಡಿ ಅದನ್ನೇ ನೋಡು. ಮೈ ತಿರುಗಿದರೂ ತಲೆ ಕೊನೆಗೆ ಹೊರಟು ಮೊದಲು ಬರಲಿ. ಗದ್ದ ಎತ್ತಿದರೂ ಹಿಂದಕ್ಕೆ ಬೀಳುತ್ತೀಯ. ಕಾಲುಚೀಲದಲ್ಲಿ ಗಾರೆ ನೆಲದ ಮೇಲೆ ಮಾತ್ರ ತಿರುಗಬೇಡ.