‘ಚಿತ್ರದುರ್…’ ಎಂದು ತುಂಡಾದ ಊರಿನ ಹೆಸರು

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ, ಜಾವಾಸ್ಕ್ರಿಪ್ಟ್ ತಕ್ಕಮಟ್ಟಿಗೆ ಬರುತ್ತದೆ, ಓಪನ್ ಸೋರ್ಸ್ (ಮೂಲ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶ) ಯೋಜನೆಯೊಂದಕ್ಕೆ ಕೋಡ್ ಕೊಡುವ ಆಸೆಯಿದೆ, ಆದರೆ ಯಾವ ಯೋಜನೆ ಹಿಡಿಯಬೇಕೋ ತಿಳಿಯುತ್ತಿಲ್ಲ, ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ ಎಂದು ಕೇಳಿದ್ದೀರಿ.

ಯೋಜನೆಯನ್ನು ಹುಡುಕುತ್ತಾ ಕೂರಬೇಡಿ. ನೀವು ಈಗಾಗಲೇ ಬಳಸುತ್ತಿರುವ ತಂತ್ರಾಂಶಗಳಲ್ಲಿ ಯಾವುದು ನಿಮಗೆ ಕಿರಿಕಿರಿ ಕೊಡುತ್ತಿದೆ ಎಂದು ನೋಡಿ. ನನ್ನದು ಶುರುವಾದದ್ದು ಅಡಿಕೆ ಚೀಲದಿಂದ.

ನಾನು ಚಿತ್ರದುರ್ಗದವನು. ಭೀಮಸಮುದ್ರದ ಒಂದು ಅಡಿಕೆ ಮಂಡಿಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ಚೀಲಕ್ಕೆ ಅಂಟಿಸುವ ಚೀಟಿಗಳನ್ನು ಮುದ್ರಿಸಲು ಒಂದು ಪುಟ್ಟ ಓಪನ್ ಸೋರ್ಸ್ ತಂತ್ರಾಂಶವನ್ನು ಹಾಕಿಕೊಟ್ಟಿದ್ದೆ. ಅದು ದಾವಣಗೆರೆಯನ್ನು ಸರಿಯಾಗಿ ಮುದ್ರಿಸುತ್ತಿತ್ತು, ಹೊಳಲ್ಕೆರೆಯನ್ನೂ ಮುದ್ರಿಸುತ್ತಿತ್ತು. ನಮ್ಮೂರನ್ನು ಮಾತ್ರ ‘ಚಿತ್ರದುರ್…’ ಎಂದು ಕತ್ತರಿಸುತ್ತಿತ್ತು. ಸಾಹುಕಾರರು ಚೀಟಿ ಹಿಡಿದು, “ದುರ್ಗವನ್ನು ಗೆಲ್ಲಲು ಹೈದರಾಲಿಗೆ ವರ್ಷಗಟ್ಟಲೆ ಹಿಡಿಯಿತು ತಮ್ಮಾ, ನಿನ್ನ ಯಂತ್ರ ಒಂದೇ ಏಟಿಗೆ ಬುರುಜು ಉರುಳಿಸಿತಲ್ಲ” ಎಂದರು.

ಮೂಲ ಕೋಡ್ ತೆರೆದು ನೋಡಿದರೆ ಊರಿನ ಹೆಸರಿಗೆ ಒಂಬತ್ತು ಅಕ್ಷರಗಳ ಮಿತಿ ಇತ್ತು. ನಮ್ಮ ಕಣ್ಣಿಗೆ ಚಿತ್ರದುರ್ಗ ನಾಲ್ಕೇ ಅಕ್ಷರ, ದಾವಣಗೆರೆ ಐದು. ಆದರೆ ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಗುಣಿತದ ಚಿಹ್ನೆಗೊಂದು ಸಂಕೇತ, ಒತ್ತಕ್ಷರವನ್ನು ಬೆಸೆಯುವ ಹಲಂತಕ್ಕೆ ಇನ್ನೊಂದು. ಹಾಗಾಗಿ ದಾವಣಗೆರೆ ಎಂಟು ಸಂಕೇತಗಳಲ್ಲಿ ಮುಗಿದರೆ ಚಿತ್ರದುರ್ಗಕ್ಕೆ ಹತ್ತು ಬೇಕು: ಚ, ಇಕಾರ, ತ, ಹಲಂತ, ರ, ದ, ಉಕಾರ, ರ, ಹಲಂತ, ಗ. ಹತ್ತನೆಯದಾದ ‘ಗ’ ಮಿತಿಯಾಚೆ ಬಿತ್ತು.

ಒಂಬತ್ತನ್ನು ಇಪ್ಪತ್ತು ಮಾಡಿ, ಆ ತಂತ್ರಾಂಶವನ್ನು ನೋಡಿಕೊಳ್ಳುವ ನಿರ್ವಾಹಕರಿಗೆ ಕಳುಹಿಸಿದೆ. ಎರಡನೇ ದಿನವೇ ತಿರಸ್ಕಾರವಾಯಿತು. ನಿರ್ವಾಹಕರ ಮಾತು ನ್ಯಾಯವಾಗಿಯೇ ಇತ್ತು: ಮಿತಿ ಏರಿಸಿದರೆ ಬೇರೆ ಭಾಷೆಗಳ ಉದ್ದ ಹೆಸರುಗಳು ಚೀಟಿಯಿಂದ ಹೊರಗೆ ಚಾಚುತ್ತವೆ. ಸಂಕೇತಗಳನ್ನು ಎಣಿಸುವ ಬದಲು ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಇಂಟಲ್ ಸೆಗ್ಮೆಂಟರ್ (ಪಠ್ಯವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಬಿಡಿಸುವ ಸಾಧನ) ಬಳಸಿ ಎಂದರು. ಬಳಸಿದೆ. ನನ್ನ ಯಂತ್ರದಲ್ಲಿ ಅದು ಚಿ, ತ್, ರ, ದು, ರ್, ಗ ಎಂದು ಆರು ತುಂಡು ಮಾಡಿತು. ಗುಣಿತ ಉಳಿಯಿತು, ಆದರೆ ಒತ್ತಕ್ಷರದ ನಡುವೆಯೇ ಕತ್ತರಿ ಬೀಳುವ ಅಪಾಯ ಹಾಗೆಯೇ ಇತ್ತು. ಒಂದು ತುಂಡು ಹಲಂತದಲ್ಲಿ ಮುಗಿದು ಮುಂದಿನದು ವ್ಯಂಜನವಾಗಿದ್ದರೆ ಎರಡನ್ನೂ ಜೋಡಿಸು ಎಂದು ನಾಲ್ಕು ಸಾಲು ಸೇರಿಸಿದೆ. ವ್ಯಂಜನ ಎಂಬ ಷರತ್ತು ಏಕೆಂದರೆ, ‘ಟ್ರೇಡರ್ಸ್ ಭೀಮಸಮುದ್ರ’ ಎಂಬಲ್ಲಿ ಹಲಂತದ ನಂತರ ಖಾಲಿ ಜಾಗ ಬರುತ್ತದೆ. ಅದನ್ನೂ ಅಂಟಿಸಿಕೊಂಡರೆ ಎಣಿಕೆ ತಪ್ಪುತ್ತದೆ. ಇದು ನನಗೆ ಹೊಳೆದದ್ದು ಕೋಡ್ ಸರಿಯಿದೆಯೇ ಎಂದು ಪರಿಶೀಲಿಸುವ ಟೆಸ್ಟ್ ಬರೆಯುವಾಗ, ಕೋಡ್ ಬರೆಯುವಾಗಲ್ಲ.

ಕೆಲಸ ಎರಡು ಸಂಜೆಯದು, ಮಾತುಕತೆ ಮೂರು ವಾರದ್ದು. ಇದನ್ನು ಮೊದಲೇ ತಿಳಿದುಕೊಂಡರೆ ನಿಮಗೆ ಬೇಸರವಾಗುವುದಿಲ್ಲ. ನಿರ್ವಾಹಕರಲ್ಲಿ ಹಲವರು ಸಂಬಳವಿಲ್ಲದೆ, ತಮ್ಮ ಕೆಲಸ ಮುಗಿಸಿ ರಾತ್ರಿ ಕೂತು ನೋಡುವವರು.

ನಿಮ್ಮ ಇಂಗ್ಲಿಷ್ ಅಳುಕಿನ ಬಗ್ಗೆ ನನಗೆ ಬೇರೆಯೇ ಅಭಿಪ್ರಾಯವಿದೆ. ಆ ನಿರ್ವಾಹಕರಿಗೆ ಕನ್ನಡ ಓದಲು ಬಾರದು. ತುಂಡಾದ ಹೆಸರೂ ಇಡೀ ಹೆಸರೂ ಅವರ ಕಣ್ಣಿಗೆ ಒಂದೇ ಬಗೆಯ ಸುರುಳಿಗಳು. ತಪ್ಪು ಕಾಣುವುದು ನಿಮಗೆ, ಅವರಿಗಲ್ಲ! ನಾನು ದೋಷದ ವರದಿಯಲ್ಲಿ ಬರೆದದ್ದು ನಾಲ್ಕು ಸಾಲು: ಏನು ಟೈಪ್ ಮಾಡಿದೆ, ಏನು ಬಂತು, ಏನು ಬರಬೇಕಿತ್ತು, ತಂತ್ರಾಂಶದ ಆವೃತ್ತಿ ಯಾವುದು. ಜೊತೆಗೆ ಚೀಟಿಯ ಫೋಟೊ, ಹತ್ತು ಸಂಕೇತಗಳ ಪಟ್ಟಿ. ವ್ಯಾಕರಣ ತಪ್ಪಿತ್ತು, ಯಾರೂ ಎತ್ತಿ ಆಡಲಿಲ್ಲ.

ಇನ್ನು ವಿಧಾನ. ಮೊದಲು ಪರವಾನಗಿಯ ಕಡತ ಇದೆಯೇ ನೋಡಿ. ಅದಿಲ್ಲದಿದ್ದರೆ ಕೋಡ್ ಕಣ್ಣಿಗೆ ಕಂಡರೂ ಅದು ಓಪನ್ ಸೋರ್ಸ್ ಅಲ್ಲ. ಕಾಂಟ್ರಿಬ್ಯೂಟಿಂಗ್ ಎಂಬ ಕಡತವಿದ್ದರೆ ಪೂರ್ತಿ ಓದಿ, ಯೋಜನೆಯಿಂದ ಯೋಜನೆಗೆ ಪದ್ಧತಿ ಬೇರೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಫೋರ್ಕ್ ಮಾಡಿ (ನಿಮ್ಮದೇ ಪ್ರತಿ ತೆಗೆದುಕೊಂಡು), ಪ್ರತ್ಯೇಕ ಬ್ರಾಂಚ್‌ನಲ್ಲಿ, ಅಂದರೆ ಕವಲಿನಲ್ಲಿ, ತಿದ್ದಿ, ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಪುಲ್ ರಿಕ್ವೆಸ್ಟ್ ಕಳುಹಿಸುತ್ತೀರಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನವರು ಇಂದಿಗೂ ಪ್ಯಾಚ್‌ಗಳನ್ನು (ತಿದ್ದುಪಡಿಗಳನ್ನು) ಇಮೇಲ್‌ನಲ್ಲೇ ತೆಗೆದುಕೊಳ್ಳುತ್ತಾರೆ, ಪ್ರತಿ ಪ್ಯಾಚ್‌ನ ಕೆಳಗೆ ‘ಸೈನ್ಡ್ ಆಫ್ ಬೈ’ ಎಂದು ನಿಮ್ಮ ಹೆಸರಿರಬೇಕು. ತಿದ್ದುವ ಮೊದಲು ಗಿಟ್ ಬ್ಲೇಮ್ ಎಂಬ ಆದೇಶ ಹಾಕಿ ಆ ಸಾಲನ್ನು ಯಾರು, ಯಾವ ಕಾರಣಕ್ಕೆ ಬರೆದರು ಎಂದು ನೋಡಿ. ನಾನು ನೋಡಿದ್ದರೆ ಒಂಬತ್ತರ ಮಿತಿ ಚೀಟಿಯ ಅಗಲಕ್ಕಾಗಿ ಬಂದದ್ದೆಂದು ಮೊದಲೇ ತಿಳಿಯುತ್ತಿತ್ತು, ಇಪ್ಪತ್ತರ ಅವಮಾನ ತಪ್ಪುತ್ತಿತ್ತು. ಒಂದು ರಿಕ್ವೆಸ್ಟ್‌ನಲ್ಲಿ ಒಂದೇ ವಿಷಯವಿರಲಿ. ಅಲ್ಲಿಯೇ ಇದ್ದ ಅಂದಗೆಟ್ಟ ಇಂಡೆಂಟ್ (ಸಾಲಿನ ಆರಂಭದ ಖಾಲಿ ಜಾಗ) ಕಂಡು ಕೈ ತುರಿಸುತ್ತದೆ, ಮುಟ್ಟಬೇಡಿ.

ಯೋಜನೆಯ ಪರಿಚಯವಿರುವ ರೀಡ್‌ಮಿ ಕಡತದಲ್ಲಿ ಒಂದು ಪದ ಬದಲಿಸಿ ಕೊಡುಗೆಯ ಲೆಕ್ಕ ತೋರಿಸುವ ದಾರಿಯನ್ನು ಕಾಲೇಜಿನಲ್ಲಿ ಯಾರಾದರೂ ಹೇಳಿಕೊಟ್ಟಾರು. ಓಪನ್ ಸೋರ್ಸ್‌ಗೆ ಕೋಡ್ ಕೊಟ್ಟವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಕ್ಟೋಬರ್ ಕಾರ್ಯಕ್ರಮದಲ್ಲಿ, 2020ರಲ್ಲಿ, ಟೀ ಶರ್ಟ್ ಆಸೆಗೆ ಬಂದ ಇಂಥ ರಿಕ್ವೆಸ್ಟ್‌ಗಳಿಂದ ನಿರ್ವಾಹಕರು ರೋಸಿಹೋದರು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಅನ್ವಯವಾಗುವಂತೆ ಆಯೋಜಕರು ನಿಯಮವನ್ನೇ ನಡುವೆ ಬದಲಿಸಬೇಕಾಯಿತು. ಕಾಗುಣಿತದ ನಿಜವಾದ ತಪ್ಪನ್ನು ತಿದ್ದುವುದು ಬೇರೆ ಮಾತು, ಅದು ಒಳ್ಳೆಯ ಆರಂಭವೇ.

ನಿಮ್ಮ ಮೊಬೈಲ್‌ನಲ್ಲಿ ಅಥವಾ ಲ್ಯಾಪ್‌ಟಾಪ್‌ನಲ್ಲಿ ಇರುವ ಓಪನ್ ಸೋರ್ಸ್ ತಂತ್ರಾಂಶ ಯಾವುದನ್ನಾದರೂ ತೆಗೆದುಕೊಂಡು ಒಂದು ಸಂಜೆ ಕನ್ನಡದಲ್ಲೇ ಬಳಸಿ ನೋಡಿ. ಮನೆಯವರ ಹೆಸರುಗಳನ್ನು ತುಂಬಿಸಿ, ಅಕಾರಾದಿಯಾಗಿ ಜೋಡಿಸಿ, ಹುಡುಕಿ, ಪಿಡಿಎಫ್ ಮಾಡಿ, ಆ ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ಬೇರೆ ಕಡೆ ಅಂಟಿಸಿ. ಎಲ್ಲಾದರೂ ಒಂದು ಕಡೆ ಮುರಿಯದೆ ಇರುವುದಿಲ್ಲ.

ನನ್ನ ತಿದ್ದುಪಡಿ ಸೇರಿದ ಆವೃತ್ತಿ ಹೊರಬಂದ ದಿನ ಹೊಸ ಚೀಟಿ ಮುದ್ರಿಸಿ ಸಾಹುಕಾರರಿಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು. “ಗ ಬಂತು, ಸರಿ. ಪಿನ್‌ಕೋಡ್ ಕೆಳಗಿನ ಸಾಲಿಗೆ ಜಾರಿದೆಯಲ್ಲ?” ಎಂದರು. ಸದ್ಯಕ್ಕೆ ಆ ಕೆಲಸ ನಡೆಯುತ್ತಿದೆ.