ಟೇಲ್‌ವೀಲ್ ವಿಮಾನ: ಮೊದಲು ಕಾಲಿಗೆ ಪಾಠ ಆಗಲಿ

ಪ್ರಶ್ನೆ: ಸೆಸ್ನಾ 172ರಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಮುಂದೆ ಅಮೆರಿಕದಲ್ಲಿರುವ ಅಣ್ಣನ ಮನೆಗೆ ಹೋದಾಗ ಟೇಲ್‌ವೀಲ್ ವಿಮಾನ (ಮುಂದೆ ಎರಡು ಮುಖ್ಯ ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ ಇರುವಂಥದ್ದು) ಕಲಿಯುವ ಆಸೆ ಇದೆ. ಅಲ್ಲಿ ಗಂಟೆಗೆ ಖರ್ಚು ಜಾಸ್ತಿ. ನಮ್ಮ ಮಾವನದು ವೆಲ್ಡಿಂಗ್ ಶಾಪ್. ನೆಲದ ಮೇಲೆ ಅಭ್ಯಾಸ ಮಾಡುವಂಥ ಗಾಡಿ ನಾವೇ ಮಾಡಿಕೊಳ್ಳಬಹುದಾ? – ಓದುಗರು, ದಾವಣಗೆರೆ

ಉತ್ತರ: ಖಂಡಿತ ಮಾಡಬಹುದು, ಮಾಡಿ. ಇದು ಹೊಸ ಯೋಚನೆಯೂ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಶಾಲೆಗಳಲ್ಲಿ ಬ್ಲೇರಿಯೋ ವಿಮಾನಗಳ ರೆಕ್ಕೆ ಮೊಟಕು ಮಾಡಿ, ಹಾರಲಾಗದಂತೆ ಮಾಡಿ, ಹುಡುಗರನ್ನು ಅದರಲ್ಲಿ ಕೂರಿಸಿ ಮೈದಾನದ ತುಂಬ ಓಡಿಸುತ್ತಿದ್ದರು. ಅದಕ್ಕೆ ಪೆಂಗ್ವಿನ್ ಅಂತ ಹೆಸರು. ನೇರವಾಗಿ ಓಡಿಸುವುದೇ ಅಲ್ಲಿ ದೊಡ್ಡ ಪಾಠ.

ಯಾಕೆ ಕಷ್ಟ ಅಂದರೆ, ನಿಮ್ಮ ಸೆಸ್ನಾದಲ್ಲಿ ಮೂರನೇ ಚಕ್ರ ಮೂತಿಯ ಕೆಳಗಿದೆ, ಭಾರದ ಕೇಂದ್ರ ಎರಡು ಮುಖ್ಯ ಚಕ್ರಗಳಿಗಿಂತ ಮುಂದಿದೆ. ಮೂತಿ ಸ್ವಲ್ಪ ಆಚೀಚೆ ಹೋದರೂ ವಿಮಾನ ತಾನೇ ನೇರವಾಗುತ್ತದೆ. ಟೇಲ್‌ವೀಲ್‌ನಲ್ಲಿ ಭಾರ ಚಕ್ರಗಳ ಹಿಂದೆ. ಮೂತಿ ಎಡಕ್ಕೆ ತಿರುಗಿತು ಅಂದರೆ ಹಿಂದಿನ ಭಾರ ನೇರ ಹೋಗಲು ನೋಡುತ್ತದೆ, ತಿರುವು ಇನ್ನೂ ಬಿಗಿಯಾಗುತ್ತದೆ, ನೀವು ಸುಮ್ನೆ ಕೂತಿದ್ದರೆ ಬಾಲ ಸುತ್ತಿ ಮುಂದೆ ಬಂದುಬಿಡುತ್ತದೆ. ಇದೇ ಗ್ರೌಂಡ್ ಲೂಪ್. ಮಕ್ಕಳ ಮೂರು ಚಕ್ರದ ಸೈಕಲ್ಲನ್ನು ಹಿಂದುಮುಂದಾಗಿ ಜೋರಾಗಿ ತಳ್ಳಿ ನೋಡಿ, ತಕ್ಷಣ ಗೊತ್ತಾಗುತ್ತದೆ.

ಹಾಗಾಗಿ ನಿಮ್ಮ ಗಾಡಿಯ ಜೀವ ಇರುವುದು ತೂಕದ ಹಂಚಿಕೆಯಲ್ಲಿ. ಮುಂದೆ ಎರಡು ಚಕ್ರ, ಹಿಂದೆ ತಿರುಗುವ ಒಂದು ಚಕ್ರ ಇಟ್ಟ ಮಾತ್ರಕ್ಕೆ ಆಗಲಿಲ್ಲ. ಸೀಟು ಮುಂದಿನ ಆಕ್ಸಲ್‌ಗಿಂತ ಹಿಂದಿರಬೇಕು. ಹಿಂದಿನ ಚಕ್ರದ ಕೆಳಗೆ ಮನೆಯ ತೂಕದ ಮಷಿನ್ ಇಡಿ, ಅದೇ ಎತ್ತರದ ಹಲಗೆಗಳನ್ನು ಮುಂದಿನ ಚಕ್ರಗಳಿಗೂ ಕೊಡಿ, ನೀವು ಸೀಟಿನಲ್ಲಿ ಕೂತು ಬೇರೆಯವರಿಂದ ಓದಿಸಿ. ಒಟ್ಟು ತೂಕದ ಹತ್ತರಲ್ಲೊಂದು ಪಾಲು ಹಿಂದೆ ಬಿದ್ದರೆ ಶುರುಮಾಡಲು ಸಾಕು, ಸಣ್ಣ ವಿಮಾನಗಳಲ್ಲೂ ಹೆಚ್ಚುಕಮ್ಮಿ ಇಷ್ಟೇ. ಕೈ ಪಳಗಿದ ಮೇಲೆ ಹಿಂದೆ ಒಂದು ಮರಳಿನ ಚೀಲ ಕಟ್ಟಿ. ಗಾಡಿ ಹಟಮಾರಿಯಾಗುತ್ತದೆ, ನಿಮಗೆ ಬೇಕಾಗಿರುವುದೂ ಅದೇ.

ಮುಂದಿನ ಆಕ್ಸಲ್‌ಗೆ ಗುಜರಿಯಲ್ಲಿ ಸಿಗುವ ಇ-ರಿಕ್ಷಾದ ಹಿಂದಿನ ಆಕ್ಸಲ್ ಚೆನ್ನಾಗಿ ಹೊಂದುತ್ತದೆ. ಮೋಟಾರು, ಡಿಫರೆನ್ಶಿಯಲ್, ಡ್ರಮ್ ಬ್ರೇಕು ಎಲ್ಲ ಒಟ್ಟಿಗೆ ಇರುತ್ತದೆ. ಡಿಫರೆನ್ಶಿಯಲ್ ಇಲ್ಲದ ಆಕ್ಸಲ್ ಬೇಡ. ಎರಡು ಚಕ್ರವೂ ಒಂದೇ ವೇಗದಲ್ಲಿ ತಿರುಗಿದರೆ ಗಾಡಿ ತಿರುವನ್ನೇ ತಡೆಯುತ್ತದೆ, ಪಾಠ ಸುಳ್ಳಾಗುತ್ತದೆ. ಎಡ ಬಲದ ಬ್ರೇಕಿನ ರಾಡುಗಳನ್ನು ಬೇರೆ ಮಾಡಿ ಎರಡು ಸಣ್ಣ ಪೆಡಲ್‌ಗಳಿಗೆ ಕೊಡಿ.

ಹಿಂದಿನ ಚಕ್ರದಲ್ಲಿ ಎರಡು ವಿಷಯ ನೋಡಿ. ಒಂದು, ಬ್ರೇಕಿನದಲ್ಲದೆ ದಿಕ್ಕು ತಿರುಗಿಸಲು ಬೇರೆ ಎರಡು ಪೆಡಲ್ ಬೇಕು, ಅವುಗಳಿಂದ ಹಿಂದಿನ ಚಕ್ರದ ಎರಡು ಪಕ್ಕದ ತೋಳುಗಳಿಗೆ ಕೇಬಲ್ ಹೋಗಲಿ; ಎಡ ಪೆಡಲ್ ತುಳಿದರೆ ಚಕ್ರದ ಎಡ ತೋಳು ಮುಂದಕ್ಕೆ ಬರಬೇಕು, ಆಗ ಬಾಲ ಬಲಕ್ಕೆ ಹೋಗಿ ಮೂತಿ ಎಡಕ್ಕೆ ತಿರುಗುತ್ತದೆ. ಕೇಬಲ್‌ಗಳನ್ನು ಎಡ ಬಲ ಅದಲುಬದಲು ಮಾಡಬೇಡಿ. ಕೇಬಲ್ಲಿಗೂ ತೋಳಿಗೂ ನಡುವೆ ಸ್ಪ್ರಿಂಗ್ ಇರಲಿ, ಕಾಲು ತುಳಿದ ಮೇಲೆ ಸ್ವಲ್ಪ ತಡವಾಗಿ ಗಾಡಿ ಮಾತು ಕೇಳುವುದು ವಿಮಾನದಲ್ಲೂ ಹಾಗೇ. ಎರಡು, ಚಕ್ರ ಎಡಬಲಕ್ಕೆ ತಿರುಗುವ ಪಿನ್ನಿನ ಮೇಲ್ತುದಿ ನೆಟ್ಟಗಿರಬೇಕು ಅಥವಾ ತುಸು ಹಿಂದಕ್ಕೆ ವಾಲಿರಬೇಕು. ಮುಂದಕ್ಕೆ ವಾಲಿದರೆ ಚಕ್ರ ಗಡಗಡ ಅಂತ ಆಡಿ ಇಡೀ ಗಾಡಿಯನ್ನೇ ನಡುಗಿಸುತ್ತದೆ.

ಪ್ರಶ್ನೆ: ಇಂಥ ಗಾಡಿ ಓಡಿಸಿದರೆ ಲ್ಯಾಂಡಿಂಗ್ ಬಂದುಬಿಡುತ್ತದಾ? – ಓದುಗರು, ಮೈಸೂರು

ಉತ್ತರ: ಇಲ್ಲ. ಲ್ಯಾಂಡಿಂಗ್ ಬರುವುದಿಲ್ಲ, ಕಾಲು ಬರುತ್ತದೆ. ಬಾಲ ಎತ್ತಿದಾಗ ಪ್ರೊಪೆಲರ್ ಮೂತಿಯನ್ನು ಎಳೆಯುವುದು, ಅಡ್ಡಗಾಳಿಗೆ ವಿಮಾನ ಗಾಳಿಯ ಕಡೆ ಮುಖ ಮಾಡುವುದು, ಇಳಿದು ಪುಟಿಯುವುದು, ಇದ್ಯಾವುದೂ ಗಾಡಿಯಲ್ಲಿಲ್ಲ. ಅಮೆರಿಕದ ನಿಯಮದಲ್ಲೂ ಟೇಲ್‌ವೀಲ್‌ಗೆ ಇಷ್ಟೇ ಗಂಟೆ ಅಂತ ಇಲ್ಲ. ಅಡ್ಡಗಾಳಿಯ ಟೇಕಾಫ್, ಲ್ಯಾಂಡಿಂಗ್, ಮುಖ್ಯ ಚಕ್ರಗಳ ಮೇಲೆ ಇಳಿಯುವ ವೀಲ್ ಲ್ಯಾಂಡಿಂಗ್, ಗೋ ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ನೀವು ಮಾಡಬಲ್ಲಿರಿ ಅಂತ ಕಲಿಸುವವರಿಗೆ ನಂಬಿಕೆ ಬಂದರೆ ಲಾಗ್‌ಬುಕ್‌ನಲ್ಲಿ ಬರೆದುಕೊಡುತ್ತಾರೆ. ಕಾಲು ಮೊದಲೇ ಪಳಗಿದ್ದರೆ ಆ ದುಡ್ಡೆಲ್ಲ ಉಳಿದ ಪಾಠಕ್ಕೆ ಸಿಗುತ್ತದೆ, ಅಲ್ವಾ?

ಓಡಿಸುವಾಗ ಸೀಟಿನ ಮುಂದೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ. 1958ರಲ್ಲಿ ಮೊದಲ ಸಲ ಹಾರಿದ, ನಮ್ಮ ಎಚ್‌ಎಎಲ್‌ನವರೇ ಬೆಂಗಳೂರಿನಲ್ಲಿ ಮಾಡಿದ ಪುಷ್ಪಕ್ ಕೂಡ ಟೇಲ್‌ವೀಲ್. ಇಂಥ ವಿಮಾನಗಳು ನೆಲದ ಮೇಲೆ ಮೂತಿ ಎತ್ತಿಕೊಂಡೇ ಕೂರುತ್ತವೆ, ಮುಂದಿನ ದಾರಿ ಸರಿಯಾಗಿ ಕಾಣುವುದಿಲ್ಲ. ಹಲಗೆಯ ಎರಡೂ ಪಕ್ಕದಲ್ಲಿ ಕಾಣುವ ಅಂಚುಗಳನ್ನು ಒಟ್ಟಿಗೆ ಗಮನಿಸುವ ಅಭ್ಯಾಸ ಆಗಲಿ. ಪೆಡಲ್ ತುಳಿದು ಹಿಡಿದುಕೊಳ್ಳಬೇಡಿ. ಸಣ್ಣದಾಗಿ ತುಳಿಯಿರಿ, ಬಿಡಿ, ತಿರುವು ನಿಲ್ಲುವ ಮೊದಲೇ ಎದುರು ಕಾಲು ತಯಾರಿರಲಿ. ಹಿಡಿದುಕೊಂಡರೆ ಗಾಡಿ ಹಾವಿನ ಹಾಗೆ ಹರಿಯುತ್ತದೆ, ಪ್ರತಿ ಸಲವೂ ಇನ್ನೂ ಅಗಲವಾಗಿ.

ಪ್ರಶ್ನೆ: ಮಗ ಈ ಗಾಡಿ ಮಾಡ್ತೀನಿ ಅಂತ ಕೂತಿದ್ದಾನೆ. ಮಗುಚಿಕೊಳ್ಳೋದಿಲ್ವಾ? – ತಾಯಿಯೊಬ್ಬರು, ಹಾಸನ

ಉತ್ತರ: ಮಗುಚಬಹುದಮ್ಮಾ, ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಗಾಡಿ ಗಕ್ಕನೆ ಸುತ್ತಿದಾಗ ಹೊರಗಿನ ಚಕ್ರದ ಮೇಲೆ ವಾಲುತ್ತದೆ. ಅದಕ್ಕೆ ಸೀಟು ಆದಷ್ಟು ತಗ್ಗಿನಲ್ಲಿರಲಿ, ಮುಂದಿನ ಚಕ್ರಗಳು ಅಗಲವಾಗಿರಲಿ, ಎರಡೂ ಪಕ್ಕಕ್ಕೆ ಪೈಪು ಚಾಚಿ ತುದಿಗೆ ಪುಟ್ಟ ಚಕ್ರ ಹಾಕಿಸಲಿ. ತಲೆಗಿಂತ ಎತ್ತರದ ರೋಲ್ ಬಾರ್, ಭುಜದ ಬೆಲ್ಟು, ಹೆಲ್ಮೆಟ್ ಇಲ್ಲದೆ ಕೂರಲು ಬಿಡಬೇಡಿ. ಕರೆಂಟು ಕಡಿಯುವ ಕೆಂಪು ಸ್ವಿಚ್ ಒಂದು ಅವನ ಕೈಗೆ ಸಿಗುವಂತಿರಲಿ. ಮೊದಮೊದಲು ಓಡುವ ವೇಗಕ್ಕಿಂತ ಜಾಸ್ತಿ ಬೇಡ. ರಸ್ತೆಗಂತೂ ತರಲೇಬಾರದು, ರಿಜಿಸ್ಟ್ರೇಷನ್ ಇಲ್ಲದ ಗಾಡಿ ಅದು. ಸುತ್ತ ಬೇಲಿ ಇರುವ ಖಾಲಿ ಜಾಗ ನೋಡಿ, ಮಾಲೀಕರನ್ನು ಕೇಳಿ, ಅವನು ಓಡಿಸುವಷ್ಟು ಹೊತ್ತೂ ಯಾರಾದರೊಬ್ಬರು ಅಲ್ಲಿ ನಿಂತಿರಲಿ.